ಅರ್ಧಾಣೆಯ ದಾತರು

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ದಾನವನ್ನು ನಾಲ್ಕು ಬಗೆಯಾಗಿ ಎಣಿಸುವುದು ಜೈನ ಸಂಪ್ರದಾಯ. ಹಸಿದವನಿಗೆ ಅನ್ನವನ್ನೂ ಅಂಜಿದವನಿಗೆ ಆಸರೆಯನ್ನೂ ರೋಗಿಗೆ ಮದ್ದನ್ನೂ ಕೊಡುವುದರ ಸಾಲಿನಲ್ಲಿಯೇ ಓದುವವನಿಗೆ ಗ್ರಂಥ ಕೊಡುವುದನ್ನೂ ನಿಲ್ಲಿಸಿದ ಹಿರಿಯರ ದೃಷ್ಟಿ ಎಷ್ಟು ದೊಡ್ಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕನ್ನಡ ನಾಡಿನಲ್ಲಿ ಈ ನಾಲ್ಕನೆಯ ದಾನಕ್ಕೆ ಹೆಸರಾದವಳು ಅತ್ತಿಮಬ್ಬೆ. ಅಚ್ಚಿನ ಯಂತ್ರವನ್ನು ಯಾರೂ ಕನಸಿನಲ್ಲಿಯೂ ಕಾಣದಿದ್ದ 10ನೆಯ ಶತಮಾನದಲ್ಲಿ ಆ ತಾಯಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಓಲೆಯನ್ನು ಹದಗೊಳಿಸಿ, ಕಬ್ಬಿಣದ ಕಂಠದಿಂದ ಕೊರೆದು, ಮಸಿ ತುಂಬಿ, ದಾರ ಪೋಣಿಸಿ ಒಂದು ಪ್ರತಿಯನ್ನು ಸಿದ್ಧಗೊಳಿಸಲು ಎಷ್ಟು ಕೈಗಳು ಎಷ್ಟು ದಿನ ದುಡಿಯಬೇಕೆಂಬುದನ್ನು ನೆನೆದರೆ ಆ ಸಾವಿರದ ತೂಕ ತಿಳಿದೀತು.

ಅತ್ತಿಮಬ್ಬೆಯ ಕೀರ್ತಿಯನ್ನು ಸಾರುವ ಲಕ್ಕುಂಡಿಯ ಶಾಸನ 1007ರದು. ಅದಾಗಿ ಅರ್ಧ ಶತಮಾನ ಕಳೆಯುವಷ್ಟರಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ದಂಡನಾಯಕನಾದ ಮಧುಸೂದನನು ಒಂದು ಘಟಿಕಾಸ್ಥಾನಕ್ಕೆ ದತ್ತಿ ಬಿಟ್ಟನು. 1058ರ ಅಲ್ಲಿನ ಶಾಸನದಲ್ಲಿ ವೇದವನ್ನೋದುವ 200 ಮಂದಿ, ಶಾಸ್ತ್ರವನ್ನೋದುವ 52 ಮಂದಿ ವಿದ್ಯಾರ್ಥಿಗಳ ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗರ ಉಲ್ಲೇಖವಿದೆ. ಸರಸ್ವತೀ ಭಂಡಾರಿಗನೆಂದರೆ ಗ್ರಂಥಪಾಲಕನೇ. ಗ್ರಂಥವನ್ನು ಕೊಟ್ಟರಷ್ಟೇ ಸಾಲದು, ಅದನ್ನು ಕಾಯುವವನ ಹೊಟ್ಟೆಗೂ ಏರ್ಪಾಡು ಮಾಡಬೇಕು, ಇಲ್ಲವಾದರೆ ಭಂಡಾರ ಗೆದ್ದಲಿನ ಪಾಲಾಗುವುದೆಂಬ ವ್ಯವಹಾರಜ್ಞಾನ ಆ ದಂಡನಾಯಕನಿಗೆ ಇದ್ದಿತು. ಆದರೆ ದಾನಿಯೂ ರಾಜ್ಯವೂ ಅಳಿದ ಮೇಲೆ ಆ ಭಂಡಾರ ಉಳಿಯಲಿಲ್ಲ. ನಾಗಾವಿಯಲ್ಲಿ ಇಂದು ಕಲ್ಲಿನ ಗುಡಿ ಮಂಟಪಗಳಿವೆ, ಶಾಸನವಿದೆ. ಓಲೆಗಳಿಲ್ಲ.

ಒಬ್ಬನು ಕೊಟ್ಟ ದಾನ ಆ ಒಬ್ಬನ ಆಯುಸ್ಸನ್ನೂ ಅವನ ವಂಶದ ಆಯುಸ್ಸನ್ನೂ ಮೀರಿ ಬಾಳುವಂತೆ ಮಾಡುವುದು ಹೇಗೆ? ಈ ಪ್ರಶ್ನೆಗೆ ನಮ್ಮ ನೆರೆಯ ಕೊಯಮತ್ತೂರು ಸೀಮೆಯಿಂದ ಒಂದು ಉತ್ತರ ಬಂದಿತು. ಆ ಉತ್ತರದ ಚರಿತ್ರೆಯನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಕನ್ನಡಿಗರಾದ ನಮಗೆ ಕೊಯಮತ್ತೂರು, ತಿರುಪ್ಪೂರುಗಳ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ಆ ಸೀಮೆ 17ನೆಯ ಶತಮಾನದಿಂದ ಮೈಸೂರಿನ ಆಳಿಕೆಗೆ ಒಳಪಟ್ಟಿದ್ದು 1799ರಲ್ಲಿ ಇಂಗ್ಲಿಷರ ವಶವಾಯಿತು. ಇಂಗ್ಲಿಷರ ಕಾಲದ ಕೊಯಮತ್ತೂರು ಜಿಲ್ಲೆ ಬಲು ದೊಡ್ಡದು. ನೀಲಗಿರಿ ಬೆಟ್ಟ 1868ರವರೆಗೆ ಅದರ ಅಂಗವಾಗಿದ್ದಿತು. ಅಚ್ಚಗನ್ನಡದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿಯೇ ಇದ್ದಿತು. ಅಂದು ಕೊಳ್ಳೇಗಾಲ ಮೈಸೂರಿಗೆ ಸೇರಿತಾದರೂ ತಾಳವಾಡಿಯ ಕನ್ನಡ ಹಳ್ಳಿಗಳು ಘಟ್ಟದ ಈಚೆ ಬದಿಯಲ್ಲಿಯೇ ಉಳಿದು, 1979ರಲ್ಲಿ ಪೆರಿಯಾರ್ ಜಿಲ್ಲೆಗೆ ಹೋದುವು. ಆ ಜಿಲ್ಲೆಗೆ ಈಗ ಈರೋಡು ಎಂದು ಹೆಸರು. ತಿರುಪ್ಪೂರು ಬೇರೆ ಜಿಲ್ಲೆಯಾದದ್ದು 2009ರಲ್ಲಿ. ಇನ್ನು ಕೊಯಮತ್ತೂರು, ತಿರುಪ್ಪೂರುಗಳ ನೇಕಾರ ಬೀದಿಗಳಲ್ಲಿ ಮನೆಯೊಳಗೆ ಕನ್ನಡವನ್ನಾಡುವ ದೇವಾಂಗ ಕುಟುಂಬಗಳು ಇಂದಿಗೂ ಉಂಟು. ಆದಕಾರಣ ಆ ಸೀಮೆಯ ಗ್ರಂಥಾಲಯಗಳ ಕಥೆ ಪರರ ಕಥೆಯಲ್ಲ.

ಆ ಜಿಲ್ಲೆಯ ಮೊದಮೊದಲ ಗ್ರಂಥಾಲಯಗಳಲ್ಲಿ ಹೆಸರಾದದ್ದು ಉದಕಮಂಡಲದ ನೀಲಗಿರಿ ಗ್ರಂಥಾಲಯ. 1859ರಲ್ಲಿ ಅದು ಆರಂಭವಾದಾಗ ಬೆಟ್ಟ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಅದರ ಕಟ್ಟಡ ಸೊಗಸಾದುದು, ಪುಸ್ತಕಗಳೂ ಅಮೂಲ್ಯವಾದುವು. ಆದರೆ ಅದು ಚಂದಾ ತೆತ್ತ ಸದಸ್ಯರ ಗ್ರಂಥಾಲಯ. ಬೇಸಗೆಗೆ ಬೆಟ್ಟವೇರಿ ಬರುತ್ತಿದ್ದ ದೊರೆಗಳೂ ಅವರ ಮಡದಿಯರೂ ಹೊತ್ತು ಕಳೆಯಲೆಂದು ಕಟ್ಟಿಕೊಂಡದ್ದು. ಕನ್ನಡಕ್ಕೆ ತೀರ ಹತ್ತಿರದ ಮಾತನ್ನಾಡುವ ಬಡಗರ ಹಟ್ಟಿಗಳು ಅಲ್ಲಿಂದ ಕೂಗಳತೆಯಲ್ಲಿದ್ದರೂ ಆ ಬಾಗಿಲು ಅವರಿಗಾಗಿ ತೆರೆದುದಲ್ಲ. ಮದರಾಸಿನಲ್ಲಿ 1896ರಲ್ಲಿ ತೆರೆದ ಕನ್ನೆಮಾರ ಗ್ರಂಥಾಲಯ ಸಾರ್ವಜನಿಕರದೇ ಆಗಿದ್ದರೂ, ಪಲ್ಲಡದ ರೈತನಿಗೂ ಕೊಳ್ಳೇಗಾಲದ ನೇಕಾರನಿಗೂ ಮದರಾಸು ಕಾಶಿಯಷ್ಟೇ ದೂರ.

ಈ ಮಧ್ಯೆ ಕೊಯಮತ್ತೂರಿನಲ್ಲಿ ಹಣ ಬೆಳೆಯತೊಡಗಿತು. 1888ರಲ್ಲಿ ಸ್ಟೇನ್ಸ್ ಎಂಬ ಇಂಗ್ಲಿಷ್ ವರ್ತಕನು ಮೊದಲ ನೂಲಿನ ಗಿರಣಿಯನ್ನು ಹಾಕಿದನು. 1930ರ ದಶಕದಲ್ಲಿ ಪೈಕಾರದ ವಿದ್ಯುಚ್ಛಕ್ತಿ ಬಂದ ಮೇಲಂತೂ ಗಿರಣಿಗಳು ಸಾಲುಗಟ್ಟಿ ಎದ್ದುವು. ಅಲ್ಲಿನ ಸಿರಿವಂತರು ಕೈ ಬಿಗಿ ಹಿಡಿದವರಲ್ಲವೆಂಬುದನ್ನು ಮೆಚ್ಚಿ ಹೇಳಲೇಬೇಕು. ಪೀಳಮೇಡಿನ ಪಿ. ಎಸ್. ಗೋವಿಂದಸ್ವಾಮಿ ನಾಯುಡು ಅವರ ನಾಲ್ವರು ಮಕ್ಕಳು ತಂದೆಯ ಆಸ್ತಿಯನ್ನು ಪಾಲು ಮಾಡಿಕೊಳ್ಳುವಾಗ ನಾಲ್ಕಲ್ಲ, ಐದು ಪಾಲು ಮಾಡಿದರಂತೆ. ಐದನೆಯ ಪಾಲು ಧರ್ಮಕ್ಕೆ. 1926ರಲ್ಲಿ ಹೀಗೆ ಹುಟ್ಟಿದ ಧರ್ಮಸಂಸ್ಥೆಯಿಂದ ಶಾಲೆ, ಕಾಲೇಜು, ಆಸ್ಪತ್ರೆಗಳು ಬೆಳೆದು ಬಂದುವು. ಧರ್ಮವನ್ನು ಒಬ್ಬ ದಾಯಾದಿಯೆಂದು ಎಣಿಸಿ ಅದಕ್ಕೂ ಪಾಲು ಕೊಟ್ಟ ಈ ಬಗೆ ನಮಗೆ ಬಹಳ ಹಿಡಿಸಿದೆ. ಆದರೂ ಕಾಲೇಜಿನ ಗ್ರಂಥಾಲಯ ಕಾಲೇಜಿನ ಹುಡುಗರಿಗೆ. ಓದು ಬಿಟ್ಟು ಮಗ್ಗಕ್ಕೋ ಹೊಲಕ್ಕೋ ಅಂಗಡಿಗೋ ಹೋದವನಿಗೆ, ಅಕ್ಷರ ಬಲ್ಲ ಮನೆಯ ಹೆಂಗಸಿಗೆ, ಪುಸ್ತಕ ಸಿಗುವುದು ಎಲ್ಲಿ?

ಹೀಗೆ ಕೇಳಿದವರಲ್ಲಿ ಮುಖ್ಯರು ಶಿಯಾಳಿ ರಾಮಾಮೃತ ರಂಗನಾಥನ್. 1892ರಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿದ ಇವರು ಮೂಲತಃ ಗಣಿತದ ಅಧ್ಯಾಪಕರು. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿ, 1920ರಲ್ಲಿ ಕೊಯಮತ್ತೂರಿನ ಸರಕಾರಿ ಕಾಲೇಜಿಗೆ ಬಂದರು. ಮುಂದೆ ಗ್ರಂಥಾಲಯಗಳ ಋಷಿ ಎನಿಸಿದ ವ್ಯಕ್ತಿ ತಾರುಣ್ಯದಲ್ಲಿ ನಮ್ಮ ಕಡಲ ತಡಿಯಲ್ಲಿಯೂ ನಮ್ಮ ಘಟ್ಟದ ಬುಡದಲ್ಲಿಯೂ ಲೆಕ್ಕ ಹೇಳಿಕೊಟ್ಟರೆಂಬುದು ನಮ್ಮಂತಹ ಉಪಾಧ್ಯಾಯರಿಗೆ ಸಂತೋಷದ ಸಂಗತಿ. 1924ರಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಹುಡುಗರ ಗದ್ದಲವಿಲ್ಲದ ಆ ಕೋಣೆಯಲ್ಲಿ ವಾರ ಕಳೆಯುವುದರೊಳಗೇ ಬೇಸತ್ತು ತಮ್ಮ ಹಳೆಯ ಕೆಲಸಕ್ಕೆ ಮರಳಲು ಬಯಸಿದರಂತೆ. ಅಷ್ಟರಲ್ಲಿ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಬೇಕಾಯಿತು. ಲಂಡನ್ನಿನ ಹತ್ತಿರದ ಕ್ರಾಯ್ಡನ್ ಎಂಬ ಊರಿನ ಗ್ರಂಥಾಲಯದಲ್ಲಿ ಅವರು ಕಂಡ ದೃಶ್ಯ ಅವರ ಬಾಳನ್ನೇ ತಿರುಗಿಸಿತು. ಮಕ್ಕಳು, ಮುದುಕರು, ಕೂಲಿಕಾರರು, ಗೃಹಿಣಿಯರು ಯಾರ ಅಪ್ಪಣೆಯನ್ನೂ ಬೇಡದೆ ಒಳಗೆ ಬಂದು ಪುಸ್ತಕ ಒಯ್ಯುತ್ತಿದ್ದರು. ಇದರ ವೆಚ್ಚವನ್ನು ಕೊಡುವವನು ಯಾವ ಧಣಿಯೂ ಅಲ್ಲ. ಊರಿನವರ ಮನೆ ತೆರಿಗೆಯಿಂದಲೇ ಅದು ನಡೆಯುತ್ತಿದ್ದಿತು. 1850ರಲ್ಲಿಯೇ ಆ ದೇಶದಲ್ಲಿ ಇದಕ್ಕೊಂದು ಕಾಯಿದೆಯಾಗಿದ್ದಿತು.

ಇಲ್ಲಿ ಕಾರ್ನೆಗಿಯೆಂಬ ಮಹಾದಾನಿಯ ಕಥೆಯನ್ನೂ ಹೇಳಬೇಕಾಗಿದೆ. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ನೇಕಾರರ ಊರಿನಲ್ಲಿ 1835ರಲ್ಲಿ ಹುಟ್ಟಿದ ಆಂಡ್ರೂ ಕಾರ್ನೆಗಿಯ ತಂದೆ ಕೈಮಗ್ಗದ ನೇಕಾರ. ಆತನೂ ಜೊತೆಯ ಕೆಲವು ನೇಕಾರರೂ ತಮ್ಮ ತಮ್ಮಲ್ಲಿದ್ದ ಪುಸ್ತಕಗಳನ್ನು ಒಟ್ಟುಗೂಡಿಸಿ ಊರಿಗೊಂದು ಚಿಕ್ಕ ಗ್ರಂಥಾಲಯವನ್ನು ಮಾಡಿದ್ದರು. ಉಗಿಯ ಮಗ್ಗ ಬಂದು ಕೈಮಗ್ಗ ಕೆಟ್ಟಾಗ ಆ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ಮಗ ಉಕ್ಕಿನ ಕಾರಖಾನೆಗಳಿಂದ ಕೋಟ್ಯಧೀಶನಾದನು. 1883ರಲ್ಲಿ ತನ್ನ ಹುಟ್ಟೂರಿನ ಗ್ರಂಥಾಲಯದಿಂದ ಮೊದಲುಗೊಂಡು ಜಗತ್ತಿನ ಉದ್ದಗಲಕ್ಕೂ ಅವನ ಹಣದಿಂದ ಎದ್ದ ಗ್ರಂಥಾಲಯಗಳು 2509. ಆದರೆ ಅವನು ಸುಮ್ಮನೆ ಕೊಟ್ಟವನಲ್ಲ. ನಿವೇಶನವನ್ನು ಊರವರೇ ಒದಗಿಸಬೇಕು, ಕಟ್ಟಡಕ್ಕೆ ಕೊಟ್ಟ ಹಣದ ಹತ್ತನೆಯ ಒಂದು ಭಾಗದಷ್ಟನ್ನು ಪ್ರತಿ ವರ್ಷವೂ ತೆರಿಗೆಯಿಂದ ಅದರ ನಿರ್ವಹಣೆಗೆ ಕೊಡುವೆವೆಂದು ಮಾತು ಕೊಡಬೇಕು ಎಂಬುದು ಅವನ ನಿಬಂಧನೆ. ಮಧುಸೂದನ ದಂಡನಾಯಕನು ಸರಸ್ವತೀ ಭಂಡಾರಿಗರಿಗೆಂದು ತಾನೇ ಏರ್ಪಾಡು ಮಾಡಿದ್ದನ್ನು ಈ ನೇಕಾರನ ಮಗ ಊರವರ ಕೈಗೆ ಒಪ್ಪಿಸಿದನು. ನಾಗಾವಿಯ ಭಂಡಾರ ಹೋಯಿತು, ಕಾರ್ನೆಗಿ ಕಟ್ಟಿಸಿದವುಗಳಲ್ಲಿ ಅನೇಕವು ಇಂದಿಗೂ ನಡೆಯುತ್ತಿವೆ. ವ್ಯತ್ಯಾಸ ಇಲ್ಲಿದೆಯೆಂದು ನಮ್ಮ ಎಣಿಕೆ.

ನೇಕಾರರ ಮಾತು ಬಂದುದರಿಂದ ಒಂದು ಪ್ರಾಸಂಗಿಕ ವಿಚಾರ. ಕನ್ನಡದಲ್ಲಿ ನೂಲು ಎಂದರೆ ದಾರ ಮಾತ್ರ. ತಮಿಳಿನಲ್ಲಿ ನೂಲ್ ಎಂದರೆ ದಾರವೂ ಹೌದು, ಗ್ರಂಥವೂ ಹೌದು. ಸಂಸ್ಕೃತದ ಸೂತ್ರ ಶಬ್ದವೂ ಹೀಗೆಯೇ ಎರಡು ಅರ್ಥಗಳನ್ನು ಹೊತ್ತಿದೆ. ಗಂಗ ವಂಶದವನೆಂದು ಹೇಳಿಕೊಂಡ ಸೀಯಗಂಗನ ಆಶ್ರಯದಲ್ಲಿ ನನ್ನೂಲ್ ಎಂಬ ತಮಿಳು ವ್ಯಾಕರಣವನ್ನು ಬರೆದ ಜೈನ ಮುನಿ ಪವಣಂದಿಯು ಮಾತನ್ನು ಹತ್ತಿಗೂ ಗ್ರಂಥರಚನೆಯನ್ನು ನೂಲುವ ಕೆಲಸಕ್ಕೂ ಹೋಲಿಸಿ ಈ ಶಬ್ದವನ್ನು ವಿವರಿಸುತ್ತಾನೆ. ಹತ್ತಿಯನ್ನೂ ನೂಲನ್ನೂ ನಂಬಿ ಬೆಳೆದ ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಗ್ರಂಥಾಲಯಕ್ಕೆ ನೂಲಗಂ ಎಂದು ಹೆಸರಿರುವುದು ಎಷ್ಟು ಒಪ್ಪುತ್ತದೆ!

ರಂಗನಾಥನ್ 1925ರಲ್ಲಿ ಮರಳಿ ಬಂದವರು ಮತ್ತೆ ಗಣಿತದ ಕಡೆಗೆ ತಿರುಗಲಿಲ್ಲ. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪಿತವಾಯಿತು. ಪುಸ್ತಕವಿರುವುದು ಬೀಗ ಹಾಕಿ ಇಡಲಿಕ್ಕಲ್ಲ, ಬಳಸಲಿಕ್ಕೆ. ಓದುಗ ಯಾವನೇ ಆಗಲಿ ಅವನಿಗೆ ತಕ್ಕ ಪುಸ್ತಕ ಅವನಿಗೆ ದೊರೆಯಬೇಕು. ಪ್ರತಿಯೊಂದು ಪುಸ್ತಕವೂ ತನ್ನ ಓದುಗನನ್ನು ತಲಪಬೇಕು ಎಂಬ ಬಗೆಯ ಐದು ಸೂತ್ರಗಳನ್ನು ವಿವರಿಸಿದ ಅವರ ಗ್ರಂಥ 1931ರಲ್ಲಿ ಹೊರಬಂದಿತು. ಅದೇ ವರ್ಷ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಲ್ಲಿ, ಎಸ್. ವಿ. ಕನಕಸಭೈ ಪಿಳ್ಳೆಯವರೆಂಬ ಇಂಜಿನಿಯರರ ಔದಾರ್ಯದಿಂದ, ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಊರಿಂದೂರಿಗೆ ಹೋಗುವ ಗ್ರಂಥಾಲಯ ಹೊರಟಿತು. ಗಂಟೆಯ ನಾದ ಕೇಳಿ ಓದುಗರು ಸುತ್ತುವರಿಯುವ ಚಿತ್ರವನ್ನು ವಾಚಕರು ಊಹಿಸಿಕೊಳ್ಳಬಹುದು. ಆದರೆ ಗಾಡಿಯೊಂದು, ಊರುಗಳು ಸಾವಿರಾರು. ಒಬ್ಬೊಬ್ಬ ಪುಣ್ಯಾತ್ಮನನ್ನು ಹುಡುಕುತ್ತ ಹೋದರೆ ನಾಡೆಲ್ಲ ಗ್ರಂಥಾಲಯವಾಗುವುದು ಯಾವಾಗ? ಕಾಯಿದೆಯೊಂದೇ ಗತಿಯೆಂದು ಕಂಡುಕೊಂಡ ರಂಗನಾಥನ್ 1930ರಲ್ಲಿಯೇ ಒಂದು ಮಾದರಿ ಕರಡನ್ನು ಸಿದ್ಧಪಡಿಸಿದ್ದರು. ಬಷೀರ್ ಅಹಮದ್ ಸಯೀದರು 1930ರ ದಶಕದಲ್ಲಿ ಮದರಾಸಿನ ಶಾಸನಸಭೆಗೆ ಇಂತಹ ಮಸೂದೆಯನ್ನು ತಂದರೂ ಅದು ಕೈಗೂಡಲಿಲ್ಲ. ಅದಕ್ಕೆ ಅಧಿಕಾರದಲ್ಲಿ ಕುಳಿತ ಒಬ್ಬರು ಬೇಕಾಗಿದ್ದರು.

ಅವರು ತಿರುಪ್ಪೂರಿನಿಂದ ಬಂದರು. ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರರು 1903ರಲ್ಲಿ ತಿರುಪ್ಪೂರಿನ ಅನುಕೂಲಸ್ಥ ವರ್ತಕರ ಮನೆಯಲ್ಲಿ ಹುಟ್ಟಿದವರು. ವಕೀಲಿ ಕಲಿತರೂ ಗಾಂಧೀಜಿಯ ಕರೆಗೆ ಓಗೊಟ್ಟು ಹಲವು ಬಾರಿ ಸೆರೆಮನೆಯನ್ನು ಕಂಡರು. 1930ರಲ್ಲಿ ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ ಶ್ರೀ ರಾಮಕೃಷ್ಣ ವಿದ್ಯಾಲಯವನ್ನು ಆರಂಭಿಸಿದರು. ಮುಂದೆ ಪೆರಿಯನಾಯಕನ್‌ಪಾಳಯದಲ್ಲಿ ಅದು ಹೆಮ್ಮರವಾಗಿ ಬೆಳೆಯಿತು. 1946ರಿಂದ 1949ರವರೆಗೆ, ಪ್ರಕಾಶಂ ಅವರ ಮತ್ತು ಓಮಂದೂರು ರಾಮಸ್ವಾಮಿ ರೆಡ್ಡಿಯಾರರ ಮಂತ್ರಿಮಂಡಲಗಳಲ್ಲಿ, ಅವರು ಮದರಾಸು ಪ್ರಾಂತ್ಯದ ವಿದ್ಯಾಮಂತ್ರಿಗಳಾಗಿದ್ದರು. ತಮಿಳಿನಲ್ಲಿ ವಿಶ್ವಕೋಶವಾಗಬೇಕೆಂದು ತಮಿಳು ವಳರ್ಚಿ ಕಳಗವನ್ನು ಕಟ್ಟಿದವರೂ ಅವರೇ. ಪೆರಿಯಸ್ವಾಮಿ ತೂರನ್ ಅವರ ಸಂಪಾದಕತ್ವದಲ್ಲಿ ಆ ಕಲೈಕ್ಕಳಂಜಿಯಂ 1954ರಿಂದ 1968ರವರೆಗೆ ಹತ್ತು ಸಂಪುಟಗಳಲ್ಲಿ ಬಂದಿತು. ತಮ್ಮ ಭಾಷೆಗಾಗಿ ಅವರು ಪಟ್ಟ ಶ್ರಮವನ್ನು ಕಂಡರೆ ನಮಗೆ ಗೌರವವೂ ಉಂಟಾಗುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದುದು 1969ರಲ್ಲಿ, ಅವರದು ಮುಗಿದ ಮೇಲೆ.

ಈ ಮಂತ್ರಿಗಳು ರಂಗನಾಥನ್ ಅವರ ವಿಚಾರಗಳನ್ನು ಕೈಗೆತ್ತಿಕೊಂಡು ಮಂಡಿಸಿದ ಮಸೂದೆಯೇ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಅದಕ್ಕೆ ಮುಂಚೆ 1945ರಲ್ಲಿ ಕೊಲ್ಹಾಪುರ ಸಂಸ್ಥಾನದಲ್ಲಿ ಇಂತಹ ಕಾಯಿದೆಯೊಂದು ಆಗಿದ್ದಿತು. ಬರೋಡೆಯ ಸಯಾಜಿರಾವ್ ಮಹಾರಾಜರು 1910ರಿಂದಲೇ ಸಂಸ್ಥಾನದ ಹಣದಿಂದ ಊರೂರಿಗೆ ಗ್ರಂಥಾಲಯಗಳನ್ನು ತೆರೆಯಿಸಿದ್ದರು. ಆದರೆ ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯಿದೆ ಮದರಾಸಿನದೇ.

ಕಾಯಿದೆಯ ಹುರುಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದು 1950ರಲ್ಲಿ ಜಾರಿಗೆ ಬಂದಿತು. ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ. ಅದರ ಕೈಕೆಳಗೆ ಜಿಲ್ಲಾ ಕೇಂದ್ರ ಗ್ರಂಥಾಲಯ, ಶಾಖೆಗಳು, ಪುಸ್ತಕ ಕೊಡುವ ಕೇಂದ್ರಗಳು. ಎಲ್ಲಕ್ಕೂ ಮೇಲೆ ರಾಜ್ಯ ಕೇಂದ್ರ ಗ್ರಂಥಾಲಯವಾಗಿ ಕನ್ನೆಮಾರ. ಹಣದ ಮೂಲ ಮನೆ ತೆರಿಗೆ. ಪುರಸಭೆಗೋ ಪಂಚಾಯತಿಗೋ ಕೊಡುವ ಮನೆ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಗಳಂತೆ ಗ್ರಂಥಾಲಯ ಕರವನ್ನು ಸೇರಿಸಿ ವಸೂಲು ಮಾಡತಕ್ಕದ್ದೆಂದು ಕಾಯಿದೆ ವಿಧಿಸಿತು. ಹಳೆಯ ಲೆಕ್ಕವನ್ನು ಮರೆತವರಿಗಾಗಿ ಹೇಳುತ್ತೇವೆ: 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಎಂದರೆ 6 ಪೈ ಅರ್ಧಾಣೆ. ವರ್ಷಕ್ಕೆ 8 ರೂಪಾಯಿ ಮನೆ ತೆರಿಗೆ ತೆರುವ ಗೃಹಸ್ಥನ ಪಾಲಿಗೆ ಗ್ರಂಥಾಲಯಕ್ಕೆ ಬರುವುದು 4 ಆಣೆ. ಮದರಾಸು ನಗರದ ಹೊರಗಿನ ಜಿಲ್ಲೆಗಳಲ್ಲಿ, ಹೀಗೆ ವಸೂಲಾದ ಮೊತ್ತಕ್ಕೆ ಕಡಮೆಯಿಲ್ಲದಷ್ಟನ್ನು ಸರಕಾರವೂ ತನ್ನ ಬೊಕ್ಕಸದಿಂದ ಕೂಡಿಸಬೇಕಾಗಿದ್ದಿತು. ಆದ್ದರಿಂದ ಹಳ್ಳಿಯವನ ಅರ್ಧಾಣೆ ಗ್ರಂಥಾಲಯವನ್ನು ಮುಟ್ಟುವಾಗ ಒಂದಾಣೆಯಾಗುತ್ತಿದ್ದಿತು! ಖಾಸಗಿಯವರು ಕೊಡುವ ದತ್ತಿಗಳನ್ನೂ ಕೊಡುಗೆಗಳನ್ನೂ ಸರಕಾರದ ಒಪ್ಪಿಗೆ ಪಡೆದು ಸ್ವೀಕರಿಸಲು ಪ್ರಾಧಿಕಾರಕ್ಕೆ ಅಧಿಕಾರವಿತ್ತು. ಕೊಡುವ ಕೈಗಳನ್ನು ಕಾಯಿದೆ ತಡೆಯಲಿಲ್ಲ. ಆದರೆ ಗ್ರಂಥಾಲಯದ ಉಸಿರು ಆ ಕೈಗಳನ್ನೇ ನಂಬಿ ನಿಲ್ಲದಂತೆ ನೋಡಿಕೊಂಡಿತು.

ಅತ್ತಿಮಬ್ಬೆ ಒಬ್ಬಳು ಮಾಡಿದ ಶಾಸ್ತ್ರದಾನವನ್ನು ಈಗ ಜಿಲ್ಲೆಯ ಪ್ರತಿ ಮನೆಯೊಡೆಯನೂ ಮಾಡತೊಡಗಿದನು. ತಾನು ದಾನಿಯೆಂಬುದು ಅವನಿಗೆ ತಿಳಿಯಲಿಲ್ಲವೆಂಬುದೊಂದೇ ಕೊರತೆ. ಈ ಕೊರತೆ ಸಣ್ಣದಲ್ಲವೆಂಬುದನ್ನು ಮುಂದೆ ಹೇಳುತ್ತೇವೆ.

ಕಾಯಿದೆ ಜಾರಿಗೆ ಬಂದಾಗ ಕೊಯಮತ್ತೂರು ಜಿಲ್ಲೆಯಲ್ಲಿ ಕೊಳ್ಳೇಗಾಲವಿದ್ದಿತು. ಮದರಾಸು ರಾಜ್ಯದಲ್ಲಿ ಕಾಸರಗೋಡನ್ನು ಒಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯೂ ಇದ್ದಿತು. ಕೊಳ್ಳೇಗಾಲದ ರೇಷ್ಮೆ ನೇಕಾರನೂ ಮಂಗಳೂರಿನ ವ್ಯಾಪಾರಿಯೂ ಕಾಸರಗೋಡಿನ ಅಡಕೆ ಬೆಳೆಗಾರನೂ ತಾಳವಾಡಿಯ ರಾಗಿ ರೈತನೂ ಒಂದೇ ಕಾಯಿದೆಯ ಕೆಳಗಿನ ಅರ್ಧಾಣೆಯ ದಾತರಾಗಿದ್ದರು. 1956ರಲ್ಲಿ ಈ ಕನ್ನಡಿಗರು ಮೂರು ರಾಜ್ಯಗಳಿಗೆ ಹಂಚಿಹೋದರು. ಮೈಸೂರಿಗೆ ಸೇರಿದ ಮಂಗಳೂರು, ಕೊಳ್ಳೇಗಾಲ ಪ್ರದೇಶಗಳಲ್ಲಿ ಮದರಾಸಿನ ಕಾಯಿದೆಯೇ ಮುಂದುವರಿದು, 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಾಗ ಅದು ಅಲ್ಲಿ ರದ್ದಾಯಿತು. ಕಾಸರಗೋಡು ಸೇರಿದ ಕೇರಳದಲ್ಲಿ ಪಿ. ಎನ್. ಪಣಿಕ್ಕರರು 1945ರಲ್ಲಿ ತಿರುವಾಂಕೂರಿನ ಅಂಬಲಪ್ಪುಳದಲ್ಲಿ ಆರಂಭಿಸಿದ ಗ್ರಂಥಶಾಲಾ ಚಳವಳಿ ಬಲವಾಗಿ ಬೇರೂರಿದ್ದು, ರಾಜ್ಯಕ್ಕೆಲ್ಲ ಅನ್ವಯಿಸುವ ಕಾಯಿದೆ 1989ರಲ್ಲಿ ಆಯಿತು. ತಾಳವಾಡಿ, ಹೊಸೂರು ಕಡೆಯ ಕನ್ನಡಿಗರು ಮಾತ್ರ ಇಂದಿಗೂ ಆ 1948ರ ಕಾಯಿದೆಯ ಕೆಳಗೇ ಇದ್ದಾರೆ. ಕೊಯಮತ್ತೂರಿನ ಹಳೆಯ ಜಿಲ್ಲೆಯಲ್ಲಿ ಹುಟ್ಟಿದವರ ಕೈಯಿಂದಾದ ಕಾಯಿದೆ ಆ ಹಳೆಯ ಜಿಲ್ಲೆಯ ಕನ್ನಡಿಗರನ್ನು ಬಿಟ್ಟಿಲ್ಲ.

ರಂಗನಾಥನ್ ಅವರ ವಿಷಯವನ್ನು ಇಲ್ಲಿಗೆ ಮುಗಿಸಬೇಕು. ಸಂಬಳವನ್ನೇ ನಂಬಿ ಬಾಳಿದ ಈ ಮನುಷ್ಯ 1950ರ ದಶಕದಲ್ಲಿ ತಮ್ಮ ಉಳಿತಾಯದಿಂದ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು, ಗ್ರಂಥಾಲಯ ಶಾಸ್ತ್ರಕ್ಕೆ ತಮ್ಮ ಪತ್ನಿ ಶಾರದಾ ಅವರ ಹೆಸರಿನಲ್ಲಿ ಪ್ರಾಧ್ಯಾಪಕ ಪೀಠವನ್ನು ಏರ್ಪಡಿಸಿದರು. ಅಂದಿನ ಲಕ್ಷವೆಂದರೆ ಎಷ್ಟೆಂಬುದನ್ನು ಅಂದಿನ ಮೇಷ್ಟರ ಸಂಬಳ ಬಲ್ಲವರೇ ಹೇಳಬೇಕು. 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವಿನಾಶಿಲಿಂಗಂ ಅವರು 1957ರಲ್ಲಿ ಕೊಯಮತ್ತೂರಿನಲ್ಲಿ ಹೆಣ್ಣು ಮಕ್ಕಳಿಗಾಗಿ ಗೃಹವಿಜ್ಞಾನ ಕಾಲೇಜನ್ನು ತೆರೆದರು. 1988ರಲ್ಲಿ ಅದು ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆಯಿತು. 1991ರಲ್ಲಿ ಅವರು ಕಾಲವಾದರು.

ಇಂದು ತಮಿಳುನಾಡಿನಲ್ಲಿ ಸರಕಾರಿ ಸಾರ್ವಜನಿಕ ಗ್ರಂಥಾಲಯಗಳು 4000ಕ್ಕೂ ಮಿಕ್ಕು ಇವೆ. 6 ಪೈ ಹೋಗಿ 3 ಪೈಸೆಯಾಗಿ, ಮುಂದೆ ಏರುತ್ತ ಗ್ರಂಥಾಲಯ ಕರ ಈಗ ರೂಪಾಯಿಗೆ 10 ಪೈಸೆಯಾಗಿದೆ. 2024ರ ನವೆಂಬರಿನಲ್ಲಿ ಕೊಯಮತ್ತೂರು ನಗರದಲ್ಲಿ ಪೆರಿಯಾರ್ ಹೆಸರಿನ ಮಹಾ ಗ್ರಂಥಾಲಯಕ್ಕೆ ಅಡಿಗಲ್ಲು ಬಿದ್ದಿತು. ಅದಕ್ಕೆ ನಿಗದಿಯಾದ ಮೊತ್ತ 300 ಕೋಟಿ ರೂಪಾಯಿ. ಒಳ್ಳೆಯದೇ. ಆದರೆ ನಮಗೆ ಹೆಚ್ಚು ಬೇಕಾಗಿರುವುದು ನಮ್ಮೂರ ಬಸ್ಸು ನಿಲ್ಲುವಲ್ಲಿಂದ ನಡೆದು ಹೋಗಬಹುದಾದ ಶಾಖಾ ಗ್ರಂಥಾಲಯ.

ಗಡಿಯ ಒಂದು ಶಾಖೆಗೆ ನಾವು ಒಮ್ಮೆ ಹೋಗಿ ಕನ್ನಡ ಗ್ರಂಥಗಳನ್ನು ಕೇಳಿದೆವು. ಬೀರುವಿನ ಕೆಳಗಿನ ಒಂದು ತಟ್ಟಿನಲ್ಲಿ ಹತ್ತಿಪ್ಪತ್ತು ಹಳೆಯ ಪುಸ್ತಕಗಳಿದ್ದುವು. ಗ್ರಂಥಪಾಲಕರು ಸಜ್ಜನರು. "ಯಾರೂ ಕೇಳುವುದೇ ಇಲ್ಲವಲ್ಲ, ಸಾರ್. ಕೇಳಿದರೆ ತಾನೇ ನಾವು ಮೇಲಕ್ಕೆ ಬರೆಯುವುದು?" ಎಂದರು. ಅವರ ಮಾತಿನಲ್ಲಿ ನಿಜವಿದ್ದಿತು. ಓದುಗರು ತಮಗೆ ಬೇಕಾದ ಪುಸ್ತಕಗಳನ್ನು ಬರೆಯುವುದಕ್ಕೆಂದು ಇಟ್ಟಿದ್ದ ಪುಸ್ತಕವನ್ನು ತಿರುವಿ ನೋಡಿದೆವು. ಕನ್ನಡದ ಹೆಸರು ಒಂದೂ ಕಾಣಲಿಲ್ಲ. ಆ ಊರಿನಲ್ಲಿ ಕನ್ನಡದ ಮನೆಗಳು ನೂರಾರು ಇವೆ. ಒಂದೊಂದು ಮನೆಯೂ ವರ್ಷ ವರ್ಷವೂ ಕರ ತೆರುತ್ತಿದೆ. ಕರ ವಸೂಲು ಮಾಡುವವರು ಮನೆಯವರ ಮಾತೃಭಾಷೆ ಯಾವುದೆಂದು ಕೇಳುವುದಿಲ್ಲ. ಕೊಟ್ಟವರೂ ತಾವು ಕೊಟ್ಟದ್ದೇನೆಂದು ಕೇಳಿಲ್ಲ. ದಾನಿಗೆ ತಾನು ದಾನಿಯೆಂಬುದು ತಿಳಿಯದಿದ್ದರೆ ಹೀಗಾಗುತ್ತದೆ.

ಶಾಲೆಗಳಲ್ಲಿ ಕನ್ನಡದ ಪಾಠಕ್ಕೆ ದೊರೆಯುವ ವೇಳೆ ಮೊದಲಿನಷ್ಟಿಲ್ಲವೆಂಬುದನ್ನು ತಾಯಿತಂದೆಗಳು ಬಲ್ಲರು. 2006ರ ತಮಿಳು ಕಲಿಕೆಯ ಕಾಯಿದೆಯ ಪ್ರಕಾರ ಒಂದನೆಯ ತರಗತಿಯಿಂದ ಮೇಲಕ್ಕೆ ತಮಿಳು ಕಡ್ಡಾಯವಾಗುತ್ತ ಬಂದಿತು. ನಾವು ತಮಿಳನ್ನು ಕಲಿಯಬೇಡಿರೆನ್ನುವವರಲ್ಲ. ನೆರೆಯ ನಾಡಿನ ನುಡಿಯನ್ನು ಬಲ್ಲವನು ಎರಡು ಸರಸ್ವತಿಯರ ಕೃಪೆಗೆ ಪಾತ್ರನು. ಆದರೆ ಪಠ್ಯಪುಸ್ತಕದ ಹತ್ತು ಪಾಠಗಳನ್ನು ಓದಿದ ಮಾತ್ರಕ್ಕೆ ಹುಡುಗನ ಕನ್ನಡ ನಿಲ್ಲುವುದಿಲ್ಲ. ರಜೆಯ ದಿನ ಯಾರ ಬಲವಂತವೂ ಇಲ್ಲದೆ ಕಥೆಯ ಪುಸ್ತಕವೊಂದನ್ನು ಹಿಡಿದು ಮೂಲೆ ಸೇರಿದರೆ ನಿಂತೀತು. ಆ ಪುಸ್ತಕವನ್ನು ಕೊಳ್ಳುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲ, ಕೊಳ್ಳಲು ಹೋದರೆ ಕನ್ನಡ ಪುಸ್ತಕದ ಅಂಗಡಿಯೂ ಈ ಕಡೆ ಇಲ್ಲ. ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ಶಾಖಾ ಗ್ರಂಥಾಲಯವಲ್ಲದೆ ನಮ್ಮ ಮಕ್ಕಳಿಗೆ ಬೇರೆ ದಾರಿ ಇಲ್ಲ.

ದಾರಿ ಮುಚ್ಚಿಲ್ಲವೆಂಬುದನ್ನೂ ಹೇಳಬೇಕು. ತಮಿಳುನಾಡಿನ ಗ್ರಂಥಾಲಯಗಳಲ್ಲಿ ಕುಳಿತು ಓದುವುದಕ್ಕೆ ಯಾವ ಶುಲ್ಕವೂ ಇಲ್ಲ. ಬಹು ಶಾಖೆಗಳಲ್ಲಿ ವಾಸಗರ್ ವಟ್ಟಂ ಎಂಬ ಓದುಗರ ಕೂಟವಿರುತ್ತದೆ. ಊರಿನ ಓದುಗರೇ ಸೇರಿ ಅದನ್ನು ನಡೆಸುತ್ತಾರೆ. ಕನ್ನಡದ ಮನೆಗಳವರು ಅದಕ್ಕೆ ಸೇರಬಾರದೆಂದು ಎಲ್ಲಿಯೂ ಇಲ್ಲ. 1000 ರೂಪಾಯಿ ಕೊಟ್ಟು ಗ್ರಂಥಾಲಯದ ಪುರವಲರ್, ಎಂದರೆ ಪೋಷಕರು, ಆಗುವ ಪದ್ಧತಿಯೂ ಉಂಟು. ಪೋಷಕರ ಹೆಸರುಗಳನ್ನು ಬರೆದ ಹಲಗೆಯನ್ನು ಗೋಡೆಯ ಮೇಲೆ ವಾಚಕರು ಕಂಡಿರಬಹುದು. ಮದುವೆ ಮುಂಜಿಗಳಲ್ಲಿ ನಾವು ಕೊಡುವ ಉಡುಗೊರೆಗಳನ್ನು ನೆನೆದರೆ ಇದು ದೊಡ್ಡ ಮೊತ್ತವಲ್ಲ. ಪುಸ್ತಕಗಳನ್ನೇ ಕೊಡಬಯಸುವವರು ಮೊದಲು ಗ್ರಂಥಪಾಲಕರೊಡನೆ ಮಾತಾಡಿ, ಮಕ್ಕಳು ಓದುವಂತಹವನ್ನು ಆರಿಸಿ ಕೊಡುವುದು ಲೇಸು. ಮನೆಯಲ್ಲಿ ಗೆದ್ದಲು ಹಿಡಿದುದನ್ನು ಗ್ರಂಥಾಲಯಕ್ಕೆ ಸಾಗಿಸುವುದು ಶಾಸ್ತ್ರದಾನವಾಗದು.

ಪಂಚಾಯತಿಯಿಂದ ಮನೆ ತೆರಿಗೆಯ ರಸೀದಿ ಬಂದಾಗ ಅದರಲ್ಲಿ "ನೂಲಗ ವರಿ" ಎಂಬ ಸಾಲನ್ನು ಹುಡುಕಿ, ಎದುರಿಗೆ ಬರೆದ ಮೊತ್ತವನ್ನು ಮನೆಯ ಮಕ್ಕಳಿಗೆ ತೋರಿಸಿರಿ. ಆ ಮೇಲೆ ಅವರನ್ನೇ ಕರೆದುಕೊಂಡು ಶಾಖೆಗೆ ಹೋಗಿ, ಬೇಕಾದ ಕನ್ನಡ ಗ್ರಂಥಗಳ ಹೆಸರನ್ನು, ಬರೆದವರ ಹೆಸರು ಸಹಿತ, ಬೇಡಿಕೆಯ ಪುಸ್ತಕದಲ್ಲಿ ಸ್ಫುಟವಾಗಿ ಬರೆಯತಕ್ಕದ್ದು. ಅದೇ ಪಟ್ಟಿಯ ಪ್ರತಿಯೊಂದನ್ನು ಸಂಘದ ಕಾರ್ಯಾಲಯಕ್ಕೂ ಕಳುಹಿಸಿದರೆ, ಎಲ್ಲ ಊರುಗಳ ಪಟ್ಟಿಗಳನ್ನೂ ಒಟ್ಟುಗೂಡಿಸಿ ಜಿಲ್ಲಾ ಗ್ರಂಥಾಲಯಾಧಿಕಾರಿಗಳಿಗೆ ಒಪ್ಪಿಸಲು ಅನುಕೂಲವಾದೀತು.